ಮಗ್ಗಗಳ ನಡುವೆ ಹುಟ್ಟಿದ ತಂಡ

ಕೆಲಸ ಕೆಟ್ಟಾಗ ಎಲ್ಲ ಕಚೇರಿ, ಕಾರ್ಖಾನೆಗಳಲ್ಲೂ ಕೇಳಿಬರುವ ಮಾತೊಂದಿದೆ: ‘ನನ್ನ ಪಾಲಿನದು ನಾನು ಮುಗಿಸಿದ್ದೇನೆ’. ಹೀಗೆನ್ನುವವರು ಬಹುಮಟ್ಟಿಗೆ ಸುಳ್ಳು ಹೇಳುತ್ತಿರುವುದಿಲ್ಲ. ಕಡತ ಬರೆದವರು ಬರೆದಿದ್ದಾರೆ, ಪರಿಶೀಲಿಸುವವರು ಪರಿಶೀಲಿಸಿದ್ದಾರೆ, ಸಹಿ ಹಾಕುವವರು ಹಾಕಿದ್ದಾರೆ. ಕಡತ ಮಾತ್ರ ತಲುಪಬೇಕಾದಲ್ಲಿಗೆ ತಲುಪಿಲ್ಲ. ಇಂಥ ಸಂದರ್ಭದಲ್ಲಿ ತಪ್ಪೆಲ್ಲ ನೌಕರರ ಸ್ವಭಾವದ ತಲೆಗೆ ಬರುತ್ತದೆ. ಹೊಂದಾಣಿಕೆ ಇಲ್ಲ, ಸಹಕಾರ ಮನೋಭಾವ ಇಲ್ಲ ಎಂದು ಮೇಲಧಿಕಾರಿಗಳು ಬುದ್ಧಿವಾದ ಹೇಳುತ್ತಾರೆ. ಈಗಿನ ಸಂಸ್ಥೆಗಳಾದರೆ ಎರಡು ದಿನದ ತರಬೇತಿ ಶಿಬಿರ ಏರ್ಪಡಿಸುತ್ತವೆ.

ದೋಷ ನಿಜಕ್ಕೂ ಮನುಷ್ಯರಲ್ಲಿದೆಯೋ ಅಥವಾ ಕೆಲಸವನ್ನು ಹಂಚಿಕೊಟ್ಟ ರೀತಿಯಲ್ಲಿದೆಯೋ? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಮಹತ್ವದ ಪ್ರಯೋಗ ನಮ್ಮ ದೇಶದಲ್ಲೇ, ಅಹಮದಾಬಾದಿನ ಬಟ್ಟೆ ಗಿರಣಿಯೊಂದರಲ್ಲಿ 1953ರಲ್ಲಿ ನಡೆಯಿತು. ಆಡಳಿತ ನಿರ್ವಹಣೆಯ ಗ್ರಂಥಗಳಲ್ಲಿ ಅದು ‘ಅಹಮದಾಬಾದ್ ಪ್ರಯೋಗ’ ಎಂದೇ ಹೆಸರಾಗಿದೆ. ನಿರ್ವಹಣಾ ಶಾಸ್ತ್ರದ ವಿದ್ಯಾರ್ಥಿಗಳನ್ನು ಬಿಟ್ಟರೆ ಉಳಿದವರಿಗೆ ಅದರ ಪರಿಚಯ ಅಷ್ಟಾಗಿ ಇಲ್ಲ.

ಗಣಿಯಿಂದ ಆರಂಭ

ಈ ಕಥೆಯ ಮೊದಲ ಅಧ್ಯಾಯ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿದೆ. ಅಲ್ಲಿನ ಗಣಿಗಳು 1947ರಲ್ಲಿ ರಾಷ್ಟ್ರೀಕರಣಗೊಂಡವು. ಹೊಸ ಯಂತ್ರಗಳು ಬಂದಿದ್ದವು. ಆದರೂ ಉತ್ಪಾದನೆ ನಿರೀಕ್ಷಿಸಿದಷ್ಟು ಏರಲಿಲ್ಲ. ಕಾರ್ಮಿಕರ ಗೈರುಹಾಜರಿ, ಜಗಳಗಳು ಹೆಚ್ಚಿದ್ದವು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಇದರ ಕಾರಣ ಹುಡುಕಲು ಹೊರಟರು. ಬ್ಯಾಮ್‌ಫೋರ್ತ್ ಸ್ವತಃ ಗಣಿ ಕಾರ್ಮಿಕರಾಗಿ ದುಡಿದವರು. ಇಬ್ಬರ ವರದಿ 1951ರಲ್ಲಿ ಪ್ರಕಟವಾಯಿತು.

ಯಂತ್ರಗಳು ಬರುವ ಮುನ್ನ ಇಬ್ಬರು ಮೂವರು ಗೆಳೆಯರು ಸೇರಿ ಗಣಿಯ ಒಂದು ಭಾಗವನ್ನು ವಹಿಸಿಕೊಳ್ಳುತ್ತಿದ್ದರು. ಕಲ್ಲಿದ್ದಲು ಕಡಿಯುವುದು, ತುಂಬುವುದು, ಛಾವಣಿ ಕುಸಿಯದಂತೆ ಆಸರೆ ಕೊಡುವುದು ಎಲ್ಲವೂ ಅವರದೇ. ಜೊತೆಗಾರನನ್ನು ಆರಿಸಿಕೊಳ್ಳುವವರೂ ಅವರೇ. ನೆಲದಡಿಯ ಕತ್ತಲಲ್ಲಿ ಜೀವ ಕಾಪಾಡುವವನು ಪಕ್ಕದಲ್ಲಿರುವವನೇ ಆದ್ದರಿಂದ ಈ ಆಯ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಒಬ್ಬ ಗಾಯಗೊಂಡರೆ ಅಥವಾ ಸತ್ತರೆ ಅವನ ಸಂಸಾರವನ್ನು ಜೊತೆಗಾರ ನೋಡಿಕೊಂಡ ನಿದರ್ಶನಗಳೂ ಇದ್ದವು.

ಯಂತ್ರ ಬಂದ ಮೇಲೆ ಗಣಿಯ ಮುಖ ಇನ್ನೂರು ಗಜದವರೆಗೂ ಉದ್ದವಾಯಿತು. ಸುಮಾರು 40 ಜನರ ಕೆಲಸವನ್ನು ಮೂರು ಪಾಳಿಗಳಿಗೆ ಹಂಚಲಾಯಿತು. ಒಂದು ಪಾಳಿಯವರು ಕಲ್ಲಿದ್ದಲು ಪದರವನ್ನು ಕೊರೆದು ಸಡಿಲಗೊಳಿಸುವುದು, ಇನ್ನೊಂದು ಪಾಳಿಯವರು ಸಾಗಣೆಯ ಪಟ್ಟಿಯನ್ನು ಮುಂದಕ್ಕೆ ಸರಿಸುವುದು, ಮತ್ತೊಂದು ಪಾಳಿಯವರು ಕಲ್ಲಿದ್ದಲು ತುಂಬುವುದು. ಪ್ರತಿಯೊಬ್ಬನಿಗೂ ಒಂದೇ ಕೆಲಸ, ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಕೂಲಿ. ಮೊದಲ ಪಾಳಿಯವರು ಮಾಡಿದ ಅರೆಬರೆ ಕೆಲಸದ ಫಲ ಉಣ್ಣುವವರು ಕೊನೆಯ ಪಾಳಿಯವರು. ಆದರೆ ಈ ಪಾಳಿಗಳವರು ಪರಸ್ಪರ ಭೇಟಿಯಾಗುವುದೇ ಇಲ್ಲ. ಮುಖ ಕಾಣದವನ ಮೇಲೆ ತಪ್ಪು ಹೊರಿಸುವುದು ಸುಲಭ. ಮೂರು ಪಾಳಿಗಳೂ ಅದನ್ನೇ ಮಾಡುತ್ತಿದ್ದವು.

ಆದರೆ ಎಲ್ಲ ಕಡೆ ಹೀಗಿರಲಿಲ್ಲ. ಯಾರ್ಕ್‌ಷೈರಿನ ಒಂದು ಗಣಿಯಲ್ಲಿ ಕಾರ್ಮಿಕರು ಹೊಸ ಯಂತ್ರಗಳನ್ನು ಇಟ್ಟುಕೊಂಡೇ ಹಳೆಯ ಗುಂಪು ಪದ್ಧತಿಗೆ ಮರಳಿದ್ದರು. ಯಾವ ಪಾಳಿಯವರಾದರೂ ಹಿಂದಿನವರು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಮುಂದೆ ಡರ್ಹ್ಯಾಮ್ ಗಣಿಗಳಲ್ಲಿ ನಡೆದ ಅಧ್ಯಯನದಲ್ಲೂ ಇಂಥದೇ ಗುಂಪುಗಳು ಕಂಡುಬಂದವು. ಇಡೀ ಗುಂಪಿಗೆ ಒಂದೇ ಕೂಲಿ ಚೀಟಿ, ಸಮಪಾಲು. ಇಂಥ ಕಡೆ ಗೈರುಹಾಜರಿ ಅರ್ಧಕ್ಕಿಂತ ಕಡಿಮೆಗೆ ಇಳಿದಿತ್ತು. ಒಂದೇ ಯಂತ್ರದಿಂದ ಎರಡು ಬಗೆಯಲ್ಲಿ ಕೆಲಸ ಮಾಡಬಹುದು, ಯಾವ ಬಗೆ ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ ಎಂಬುದು ಈ ಅಧ್ಯಯನಗಳ ಸಾರ.

ಕ್ಯಾಲಿಕೊ ಗಿರಣಿಯ ಹೊಸ ಮಗ್ಗಗಳು

ಅಹಮದಾಬಾದಿಗೆ ಕಾರ್ಮಿಕ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. 1918ರಲ್ಲಿ ಅಲ್ಲಿನ ಗಿರಣಿ ಕಾರ್ಮಿಕರ ಮುಷ್ಕರಕ್ಕೆ ಗಾಂಧೀಜಿ ಬೆಂಬಲವಾಗಿ ನಿಂತಿದ್ದರು. ಕಾರ್ಮಿಕರ ಪರವಾಗಿ ದುಡಿದವರಲ್ಲಿ ಅನಸೂಯಾ ಸಾರಾಭಾಯಿ ಪ್ರಮುಖರು. ಎದುರು ಪಕ್ಷದಲ್ಲಿ ಮಾಲೀಕರ ಮುಂದಾಳಾಗಿದ್ದವರು ಅವರ ಒಡಹುಟ್ಟಿದ ಅಂಬಾಲಾಲ್ ಸಾರಾಭಾಯಿ. ಎರಡು ವರ್ಷಗಳ ಬಳಿಕ ಮಜೂರ್ ಮಹಾಜನ್ ಎಂಬ ಕಾರ್ಮಿಕ ಸಂಘ ಹುಟ್ಟಿತು. ಮುಂದೆ ಅಂಬಾಲಾಲರ ಕ್ಯಾಲಿಕೊ ಕಂಪೆನಿಯ ಹೊಣೆ ಅವರ ಮಗ ಗೌತಮ್ ಸಾರಾಭಾಯಿ ಅವರ ಕೈಗೆ ಬಂತು. ಇವರು ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಅಣ್ಣ.

1952ರಲ್ಲಿ ಕಂಪೆನಿ ಸ್ವಯಂಚಾಲಿತ ಮಗ್ಗಗಳನ್ನು ಅಳವಡಿಸಿತು. ಸಾಧಾರಣ ಮಗ್ಗದಲ್ಲಿ ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದರೆ ನೇಕಾರ ಮಗ್ಗ ನಿಲ್ಲಿಸಿ ಬದಲಾಯಿಸಬೇಕು. ಸ್ವಯಂಚಾಲಿತ ಮಗ್ಗದಲ್ಲಿ ಈ ಬದಲಾವಣೆ ತಾನಾಗಿ ಆಗುತ್ತದೆ. ಹಾಸಿನ ಎಳೆ ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ. ಹೀಗಾಗಿ ಒಂದೆರಡು ಮಗ್ಗ ನೋಡಿಕೊಳ್ಳುತ್ತಿದ್ದವನು ಡಜನುಗಟ್ಟಲೆ ಮಗ್ಗ ನೋಡಿಕೊಳ್ಳಬಹುದು ಎಂಬ ಲೆಕ್ಕಾಚಾರ. ಆದರೆ ಬಟ್ಟೆಯ ಗುಣಮಟ್ಟವಾಗಲೀ ಪ್ರಮಾಣವಾಗಲೀ ಸುಧಾರಿಸಲಿಲ್ಲ. ಗೌತಮ್ ಸಾರಾಭಾಯಿ ಟ್ಯಾವಿಸ್ಟಾಕ್ ಸಂಸ್ಥೆಯನ್ನು ಸಂಪರ್ಕಿಸಿದರು. ಅಲ್ಲಿಂದ ಬಂದವರು ಎ. ಕೆ. ರೈಸ್.

ಮಗ್ಗಗಳ ಆ ವಿಭಾಗದಲ್ಲಿ 224 ಮಗ್ಗ, 29 ಕೆಲಸಗಾರರು, 12 ಬಗೆಯ ಕೆಲಸ. ಕಡಿದ ಎಳೆ ಗಂಟು ಹಾಕುವವನು ನೇಕಾರ. ಕಂಡಿಕೆ ತುಂಬುವವನು ಬೇರೆ. ಒಂದೇ ಸಲ ನೂರಾರು ಎಳೆ ಕಡಿದಾಗ ಸರಿಪಡಿಸುವವನು ಮತ್ತೊಬ್ಬ. ಹಾಸಿನ ಉರುಳೆ ಮುಗಿದಾಗ ಹೊಸದನ್ನು ಕೂರಿಸುವವನು ಇನ್ನೊಬ್ಬ. ಯಂತ್ರ ಕೆಟ್ಟರೆ ಜಾಬರ್, ಅವನಿಗೊಬ್ಬ ಸಹಾಯಕ. ಎಣ್ಣೆ ಹಾಕುವವನು, ಗುಡಿಸುವವನು, ಬಟ್ಟೆ ಹೊರುವವನು ಎಲ್ಲರೂ ಬೇರೆ ಬೇರೆ. ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆದು ಈ ಹಂಚಿಕೆ ಮಾಡಲಾಗಿತ್ತು.

ತೊಡಕು ಇದ್ದದ್ದು ಅಲ್ಲೇ. ನೇಕಾರನ ಪಾಲಿಗೆ ಇಷ್ಟು ಮಗ್ಗ, ಕಂಡಿಕೆ ತುಂಬುವವನಿಗೆ ಅದಕ್ಕಿಂತ ಹೆಚ್ಚು, ಜಾಬರ್‌ಗೆ ಇನ್ನೂ ಹೆಚ್ಚು. ಯಾರಿಬ್ಬರ ಮಗ್ಗಗಳ ಎಲ್ಲೆಯೂ ಒಂದೇ ಆಗಿರಲಿಲ್ಲ. ಒಬ್ಬ ನೇಕಾರನ ಮಗ್ಗ ನಿಂತಾಗ ಅದನ್ನು ಸರಿಮಾಡಬೇಕಾದ ಕೆಲಸಗಾರ ಇನ್ನೊಬ್ಬ ನೇಕಾರನ ಮಗ್ಗದ ಬಳಿ ಇರುತ್ತಿದ್ದ. ಯಾರದು ಮೊದಲು ಎಂದು ತೀರ್ಮಾನಿಸಬೇಕಾದವನು ಮೇಲ್ವಿಚಾರಕ. ಬಟ್ಟೆಯ ಬಗೆ ಬದಲಾದರಂತೂ ಲೆಕ್ಕವೇ ತಲೆಕೆಳಗು. ದಪ್ಪ ನೂಲಾದರೆ ಕಂಡಿಕೆ ಬೇಗ ಮುಗಿಯುತ್ತದೆ, ತುಂಬುವವನಿಗೆ ಉಸಿರಾಡಲು ಬಿಡುವಿಲ್ಲ. ಆಗ ಬೇರೊಬ್ಬನಿಗೆ ಬಿಡುವಿದ್ದರೂ ಅದು ಅವನ ಕೆಲಸವಲ್ಲ. 29 ಜನ ಒಂದೇ ಸೂರಿನಡಿ ದುಡಿಯುತ್ತಿದ್ದರೂ ಅಲ್ಲಿ ತಂಡವೆಂಬುದು ಇರಲಿಲ್ಲ.

ತಂಡ ಕಟ್ಟಿದವರು ಯಾರು?

ರೈಸ್ ಮುಂದಿಟ್ಟ ಸಲಹೆ ಸರಳವಾಗಿತ್ತು. ಕೆಲಸಗಾರರನ್ನು ಸಣ್ಣ ಗುಂಪುಗಳಾಗಿಸಿ, ಒಂದೊಂದು ಗುಂಪಿಗೆ ನಿರ್ದಿಷ್ಟ ಮಗ್ಗಗಳ ಪೂರ್ಣ ಹೊಣೆ ಕೊಟ್ಟರೆ ಹೇಗೆ? ಈ ಯೋಚನೆಯನ್ನು ಮೇಲ್ವಿಚಾರಕರೂ ಕಾರ್ಮಿಕರೂ ಕೂಡಲೇ ತಮ್ಮದಾಗಿಸಿಕೊಂಡರು. ಯಾರು ಯಾವ ಗುಂಪಿನಲ್ಲಿರಬೇಕೆಂಬುದನ್ನು ಕಂಪೆನಿ ಹೇಳಲಿಲ್ಲ. ಕಾರ್ಮಿಕರೇ ಪರಸ್ಪರ ಒಪ್ಪಿ ಏಳೇಳು ಮಂದಿಯ ಗುಂಪು ಕಟ್ಟಿಕೊಂಡರು. ಒಂದು ಗುಂಪಿಗೆ ಅರವತ್ತರ ಆಸುಪಾಸು ಮಗ್ಗಗಳು. ಕೆಲಸಗಾರರ ಅನೇಕ ದರ್ಜೆಗಳು ಕೆಲವಕ್ಕೆ ಇಳಿದವು. ಒಬ್ಬನ ಕೈ ಖಾಲಿಯಿದ್ದರೆ ಇನ್ನೊಬ್ಬನ ಕೆಲಸಕ್ಕೆ ಕೈ ಹಾಕಬಹುದು.

ಮೊದಲ ದಿನಗಳಲ್ಲಿ ಏರಿಳಿತಗಳಿದ್ದವು. ವ್ಯವಸ್ಥೆ ನೆಲೆಗೊಂಡ ಮೇಲೆ ಮಗ್ಗಗಳ ಕಾರ್ಯಕ್ಷಮತೆ ಶೇ 80ರಿಂದ ಶೇ 95ಕ್ಕೆ ಏರಿತು, ಹಾಳಾಗುತ್ತಿದ್ದ ಬಟ್ಟೆಯ ಪ್ರಮಾಣ ಶೇ 32ರಿಂದ ಶೇ 20ಕ್ಕೆ ಇಳಿಯಿತು ಎಂದು ವರದಿಯಾಯಿತು. ರೈಸ್ 1958ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಸುದ್ದಿ ಹೊರದೇಶಗಳಿಗೂ ಹಬ್ಬಿತು. 1960ರ ದಶಕದಲ್ಲಿ ನಾರ್ವೆಯ ಕಾರ್ಖಾನೆಗಳಲ್ಲಿ ಇದೇ ಜಾಡಿನ ಪ್ರಯೋಗಗಳು ನಡೆದವು. ಸ್ವೀಡನ್ನಿನ ವೋಲ್ವೊ ಕಂಪೆನಿ 1974ರಲ್ಲಿ ಕಾಲ್ಮಾರ್‌ನಲ್ಲಿ ಕಾರುಗಳನ್ನು ಗುಂಪುಗಳಿಂದಲೇ ಜೋಡಿಸುವ ಕಾರ್ಖಾನೆ ತೆರೆಯಿತು.

ಮುಯ್ಯಾಳಿನ ಲೆಕ್ಕ

ಅಹಮದಾಬಾದಿನ ನೇಕಾರರಿಗೆ ಈ ಪದ್ಧತಿ ಅಷ್ಟು ಬೇಗ ಹಿಡಿಸಿದ್ದೇಕೆ? ಕರ್ನಾಟಕದ ಹಳ್ಳಿಗಳನ್ನು ಬಲ್ಲವರಿಗೆ ಇದು ಒಗಟೆನಿಸಲಾರದು. ನಾಟಿ, ಕಳೆ, ಕೊಯ್ಲಿನ ಕಾಲದಲ್ಲಿ ಮನೆಗಳವರು ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುವ ಮುಯ್ಯಾಳು ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಇಲ್ಲಿ ಹಣದ ಮಾತಿಲ್ಲ. ಇಂದು ನಮ್ಮ ಗದ್ದೆಗೆ ಬಂದ ಆಳಿಗೆ ನಾಳೆ ಅವರ ಗದ್ದೆಯಲ್ಲಿ ಆಳಾಗಿ ಹೋಗಿ ತೀರಿಸಬೇಕು. ಮದುವೆಯಲ್ಲಿ ಕೊಡುವ ಉಡುಗೊರೆಗೂ ಮುಯ್ಯಿ ಎಂಬ ಹೆಸರಿರುವುದು ಕೊಟ್ಟದ್ದನ್ನು ಹಿಂದಿರುಗಿಸಬೇಕೆಂಬ ಇದೇ ನಿಯಮದಿಂದ.

ಮುಯ್ಯಾಳು ನಡೆಯುವುದು ಹಳ್ಳಿಯವರು ಹೆಚ್ಚು ಒಳ್ಳೆಯವರು ಎಂಬ ಕಾರಣಕ್ಕಲ್ಲ. ಅದರ ರಚನೆಯಲ್ಲೇ ಸಹಕಾರ ಅಡಗಿದೆ. ದುಡಿಯುವವರು ಮುಖಾಮುಖಿಯಾಗಿರುತ್ತಾರೆ. ಕೆಲಸದ ಮೊದಲು ಕೊನೆ ಎರಡೂ ಕಣ್ಣೆದುರಿಗಿರುತ್ತವೆ: ಬೆಳಗ್ಗೆ ಕೆಸರಾಗಿದ್ದ ಗದ್ದೆ ಸಂಜೆಗೆ ಹಸಿರಾಗಿರುತ್ತದೆ. ಮೈಗಳ್ಳತನ ಮಾಡಿದವನ ಗದ್ದೆಗೆ ಮರುದಿನ ಬರುವವರ ಉತ್ಸಾಹವೂ ಅಷ್ಟಕ್ಕಷ್ಟೆ. ಗುಂಪು ಚಿಕ್ಕದು, ಕೆಲಸ ಪೂರ್ಣ, ಫಲ ಸಮಾನ. ರೈಸ್ ಅವರ ಗುಂಪುಗಳಲ್ಲೂ ಇದ್ದದ್ದು ಇವೇ ಲಕ್ಷಣಗಳು.

ಗುಂಪಿನಿಂದ ಹೊರಗುಳಿದವರು

ಆದರೆ ‘ತಮಗೆ ಬೇಕಾದವರನ್ನು ಆರಿಸಿಕೊಳ್ಳುವುದು’ ಎಂಬ ಮಾತು ಭಾರತದಲ್ಲಿ ಮುಗ್ಧವಾದುದಲ್ಲ. ಗಿರಣಿಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಬೊಂಬಾಯಿ ಮತ್ತು ಅಹಮದಾಬಾದಿನ ಗಿರಣಿಗಳಲ್ಲಿ ದಲಿತರಿಗೆ ನೂಲುವ ವಿಭಾಗದಲ್ಲಿ ಕೆಲಸ ಸಿಗುತ್ತಿತ್ತು, ಹೆಚ್ಚು ಕೂಲಿಯ ನೇಯ್ಗೆ ವಿಭಾಗದಲ್ಲಿ ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಹಳೆಯ ಬಗೆಯ ಲಾಳಿಗೆ ನೂಲು ಪೋಣಿಸುವಾಗ ಬಾಯಿಂದ ಎಳೆದುಕೊಳ್ಳಬೇಕಾಗುತ್ತಿತ್ತು. ಒಬ್ಬರು ಬಾಯಿ ತಾಗಿಸಿದ ಲಾಳಿಯನ್ನು ಇನ್ನೊಬ್ಬರು ಮುಟ್ಟಬೇಕಲ್ಲ ಎಂಬ ನೆಪದಲ್ಲಿ ಸವರ್ಣ ನೇಕಾರರು ದಲಿತರನ್ನು ದೂರವಿಟ್ಟಿದ್ದರು. 1928ರ ಬೊಂಬಾಯಿ ಗಿರಣಿ ಮುಷ್ಕರದ ಸಂದರ್ಭದಲ್ಲಿ ಡಾ. ಅಂಬೇಡ್ಕರ್ ಈ ಅನ್ಯಾಯವನ್ನು ಕಾರ್ಮಿಕ ಮುಖಂಡರ ಮುಂದೆಯೇ ಎತ್ತಿದ್ದರು.

ಮುಯ್ಯಾಳಿನಲ್ಲೂ ಈ ಮಿತಿ ಇದ್ದೇ ಇದೆ. ಅದು ಹೊಲ ಇದ್ದವರ ನಡುವಿನ ವ್ಯವಹಾರ. ಭೂಮಿಯೇ ಇಲ್ಲದ ಕೂಲಿಯವನಿಗೆ ಹಿಂದಕ್ಕೆ ಪಡೆಯಲು ಮುಯ್ಯಿ ಎಲ್ಲಿಂದ ಬರಬೇಕು? ಗುಂಪು ತನ್ನನ್ನು ತಾನೇ ಕಟ್ಟಿಕೊಳ್ಳಲಿ ಎಂದು ಬಿಟ್ಟಾಗ ಜಾತಿ, ಭಾಷೆ, ಹೆಣ್ಣು ಗಂಡೆಂಬ ಭೇದದ ಆಧಾರದ ಮೇಲೆ ಕೆಲವರು ಬಾಗಿಲ ಹೊರಗೇ ಉಳಿಯುವ ಅಪಾಯವನ್ನು ನಿರ್ವಹಣಾ ಗ್ರಂಥಗಳು ಅಷ್ಟಾಗಿ ಚರ್ಚಿಸಿಲ್ಲ. ಒಳಗಿರುವವರ ನಡುವಿನ ಸಹಕಾರಕ್ಕೆ ಎಷ್ಟು ಗಮನ ಬೇಕೋ ಒಳಗೆ ಬರುವ ಹಕ್ಕಿಗೂ ಅಷ್ಟೇ ಗಮನ ಬೇಕು.

ಉಳಿದದ್ದು, ಅಳಿದದ್ದು

ಪ್ರಯೋಗದ ಫಲಿತಾಂಶವನ್ನು ಎಲ್ಲರೂ ಹಾಗೇ ಒಪ್ಪಿಕೊಂಡಿಲ್ಲ. ಹೊಸ ಪದ್ಧತಿಯಲ್ಲಿ ಕೂಲಿಯೂ ಹೆಚ್ಚಿತ್ತಲ್ಲ, ಉತ್ಪಾದನೆ ಏರಿದ್ದು ಗುಂಪಿನಿಂದಲೋ ಹಣದಿಂದಲೋ ಎಂದು ವಿಮರ್ಶಕರು ಕೇಳಿದರು. ಇದು ನ್ಯಾಯವಾದ ಪ್ರಶ್ನೆಯೇ. ಎರಡನ್ನೂ ಬೇರ್ಪಡಿಸಿ ನೋಡುವ ಹಾಗೆ ಪ್ರಯೋಗವನ್ನು ರೂಪಿಸಿರಲಿಲ್ಲ. ಹೆಚ್ಚು ಜವಾಬ್ದಾರಿ ಹೊತ್ತವರಿಗೆ ಹೆಚ್ಚು ಕೂಲಿ ಕೊಡದೆ ಬರಿಯ ‘ತಂಡಸ್ಫೂರ್ತಿ’ಯ ಉಪದೇಶ ಮಾಡುವ ಸಂಸ್ಥೆಗಳಿಗೆ ಇದರಲ್ಲಿ ಪಾಠವಿದೆ.

ಸುಮಾರು ಹದಿನೇಳು ವರ್ಷಗಳ ಬಳಿಕ, 1970ರಲ್ಲಿ, ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ ಅದೇ ಗಿರಣಿಗಳಿಗೆ ಮರಳಿ ಹೋದರು. ಒಂದು ಕಡೆ ಗುಂಪು ಪದ್ಧತಿ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿದಿತ್ತು. ಇತರೆಡೆ ಅದು ಸವೆದುಹೋಗಿತ್ತು. ಮಾರುಕಟ್ಟೆ ಬದಲಾದಂತೆ ಬಟ್ಟೆಯ ಬಗೆಗಳು ಬದಲಾದವು. ಒತ್ತಡ ಬಂದಾಗ ಮೇಲ್ವಿಚಾರಕರು ಗುಂಪಿನ ತೀರ್ಮಾನಗಳಲ್ಲಿ ಮತ್ತೆ ಕೈ ಹಾಕತೊಡಗಿದರು. ಒಮ್ಮೆ ಕಟ್ಟಿದ ತಂಡ ತಾನಾಗಿ ಉಳಿಯುವುದಿಲ್ಲ, ಅದಕ್ಕೆ ಹೊರಗಿನಿಂದಲೂ ರಕ್ಷಣೆ ಬೇಕು ಎಂಬುದು ಇದರಿಂದ ತಿಳಿಯಿತು. ವೋಲ್ವೊದ ಕಾಲ್ಮಾರ್ ಕಾರ್ಖಾನೆ ಕೂಡ 1994ರಲ್ಲಿ ಬಾಗಿಲು ಹಾಕಿತು.

ಬೆಂಗಳೂರಿನ ತಂತ್ರಾಂಶ ಕಂಪೆನಿಗಳಲ್ಲಿ ಇಂದು ‘ಅಜೈಲ್’ ಎಂಬ ಕಾರ್ಯವಿಧಾನ ಮನೆಮಾತಾಗಿದೆ. 2001ರಲ್ಲಿ ಅಮೆರಿಕದಲ್ಲಿ 17 ಮಂದಿ ತಜ್ಞರು ಹೊರಡಿಸಿದ ಪ್ರಣಾಳಿಕೆಯಲ್ಲಿ, ತಮ್ಮನ್ನು ತಾವೇ ಸಂಘಟಿಸಿಕೊಳ್ಳುವ ತಂಡಗಳಿಂದ ಉತ್ತಮ ಕೆಲಸ ಮೂಡುತ್ತದೆ ಎಂಬ ತತ್ವವಿದೆ. ಹತ್ತರೊಳಗಿನ ಚಿಕ್ಕ ತಂಡ, ಒಂದು ಪೂರ್ಣ ಕೆಲಸದ ಹೊಣೆ, ದಿನವೂ ಮುಖಾಮುಖಿ ಮಾತುಕತೆ. ಅಹಮದಾಬಾದಿನ ನೇಕಾರರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಆದರೆ ಹೆಸರಿಗೆ ತಂಡವೆಂದು ಕರೆದು, ಯಾವ ಕೆಲಸ ಯಾವಾಗ ಮುಗಿಯಬೇಕೆಂಬ ತೀರ್ಮಾನವನ್ನೆಲ್ಲ ಮೇಲಿನವರೇ ಇಟ್ಟುಕೊಂಡರೆ ಅದು ಮತ್ತೆ 12 ಬಗೆಯ ಕೆಲಸಗಾರರ ಹಳೆಯ ವಿಭಾಗವೇ ಆಗುತ್ತದೆ.

ಅಹಮದಾಬಾದಿನ ದೊಡ್ಡ ಗಿರಣಿಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಚ್ಚಿದವು. ಕ್ಯಾಲಿಕೊ ಗಿರಣಿಯೂ ಈಗ ಇಲ್ಲ. ವಿದ್ಯುತ್ ಮಗ್ಗಗಳ ಪೈಪೋಟಿ, ಹಳೆಯ ಯಂತ್ರ, ಬಂಡವಾಳದ ಕೊರತೆ ಮುಂತಾದ ಹೊಡೆತಗಳನ್ನು ಯಾವ ತಂಡವೂ ತಡೆಯಲಾಗಲಿಲ್ಲ. ಸಾರಾಭಾಯಿ ಮನೆತನ 1949ರಲ್ಲಿ ಸ್ಥಾಪಿಸಿದ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯ ಮಾತ್ರ ಉಳಿದುಕೊಂಡಿದೆ. ಅಲ್ಲಿ ಶತಮಾನಗಳ ಹಿಂದಿನ ನೇಯ್ಗೆಯ ನಮೂನೆಗಳನ್ನು ಕಾಣಬಹುದು. ತಮ್ಮ ಕೆಲಸವನ್ನು ತಾವೇ ಹಂಚಿಕೊಳ್ಳಬಲ್ಲೆವೆಂದು 1953ರಲ್ಲಿ ತೋರಿಸಿಕೊಟ್ಟ ಆ ಕಾರ್ಮಿಕರ ನೆನಪು ಉಳಿದಿರುವುದು ಪುಸ್ತಕಗಳಲ್ಲಿ.