ಜೀವವಿಜ್ಞಾನ ಪದವಿ ವಿದ್ಯಾರ್ಥಿಗಳ ಮೌಲ್ಯಮಾಪನ ಕ್ರಮ

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೊದಲಾದ ವಿಷಯಗಳನ್ನು ಆಯ್ದು ಬಿ.ಎಸ್ಸಿ. ವ್ಯಾಸಂಗ ಮಾಡುವವರನ್ನು ಸೆಮಿಸ್ಟರ್ ಪದ್ಧತಿಯಲ್ಲಿ ಮೌಲ್ಯಮಾಪನಕ್ಕೆ ಒಳಪಡಿಸಲಾಗುತ್ತದೆ. 2021-22ರಲ್ಲಿ ಆರಂಭವಾದ ನಾಲ್ಕು ವರ್ಷಗಳ ವ್ಯವಸ್ಥೆಯ ಬದಲಿಗೆ, 2024-25ನೇ ಸಾಲಿನಿಂದ ಪ್ರವೇಶ ಪಡೆದವರಿಗೆ ಮೂರು ವರ್ಷಗಳ ಪದವಿಯನ್ನು ಮರಳಿ ಜಾರಿಗೊಳಿಸಲಾಗಿದೆ. ಮೌಲ್ಯಮಾಪನದ ಮುಖ್ಯಾಂಶಗಳು ಈ ಕೆಳಕಂಡಂತಿವೆ.

1. ಆಂತರಿಕ ಮೌಲ್ಯಮಾಪನ
ಕಿರುಪರೀಕ್ಷೆ, ನಿಯೋಜಿತ ಬರಹ, ವಿಚಾರ ಮಂಡನೆ ಮುಂತಾದವುಗಳಿಗೆ ಕಾಲೇಜಿನಲ್ಲಿಯೇ ಅಂಕ ನೀಡಲಾಗುತ್ತದೆ. ಈ ಅಂಕಗಳು ಸೆಮಿಸ್ಟರ್‌ನ ಅವಧಿಯಲ್ಲಿಯೇ ಗಳಿಸತಕ್ಕವು. ಆದುದರಿಂದ ಅವು ವಿಶ್ವವಿದ್ಯಾಲಯಕ್ಕೆ ರವಾನೆಯಾಗುವ ಮುನ್ನವೇ ಪರಿಶೀಲಿಸಿಕೊಳ್ಳುವುದು ಸೂಕ್ತ.

2. ಲಿಖಿತ ಪರೀಕ್ಷೆ
ಸೆಮಿಸ್ಟರ್‌ನ ಅಂತ್ಯದಲ್ಲಿ ವಿಶ್ವವಿದ್ಯಾಲಯವು ನಡೆಸುತ್ತದೆ. ಜೀವವಿಜ್ಞಾನದ ಉತ್ತರಗಳಲ್ಲಿ ಭಾಗಗಳನ್ನು ಗುರುತಿಸಿದ ಚಿತ್ರಗಳಿಗೆ ವಿಶೇಷ ಮಹತ್ವವಿದೆ.

3. ಪ್ರಾಯೋಗಿಕ ಪರೀಕ್ಷೆ
ಕಾಂಡದ ಅಡ್ಡಛೇದ ಸಿದ್ಧಪಡಿಸುವುದು, ಈರುಳ್ಳಿಯ ಬೇರಿನ ತುದಿಯಲ್ಲಿ ಕೋಶವಿಭಜನೆಯ ಹಂತಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸುವುದು, ಮಾದರಿಗಳನ್ನು ಹೆಸರಿಸಿ ಟಿಪ್ಪಣಿ ಬರೆಯುವುದು, ಮೌಖಿಕ ಪ್ರಶ್ನೆಗಳಿಗೆ ಉತ್ತರಿಸುವುದು ಇದರಲ್ಲಿ ಸೇರಿರುತ್ತವೆ. ಪ್ರಯೋಗ ದಾಖಲೆ ಪುಸ್ತಕಕ್ಕೂ ಅಂಕಗಳಿರುತ್ತವೆ. ಪ್ರತಿ ಪ್ರಯೋಗದ ನಂತರ ಅಧ್ಯಾಪಕರ ಸಹಿ ಪಡೆದಿರಬೇಕು. ಪ್ರಾಣಿಗಳ ಅಂಗಚ್ಛೇದನವನ್ನು ನಿಲ್ಲಿಸುವಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2014ರಲ್ಲಿ ಸೂಚಿಸಿದೆ. ಅದರ ಸ್ಥಾನದಲ್ಲಿ ಪ್ರತಿಕೃತಿ, ನಕ್ಷೆ ಹಾಗೂ ಗಣಕಯಂತ್ರದ ನೆರವಿನಿಂದ ಅಂಗರಚನೆಯ ಜ್ಞಾನವನ್ನು ಪರೀಕ್ಷಿಸಬಹುದಾಗಿದೆ.

4. ಕ್ರೆಡಿಟ್ ಮತ್ತು ಶ್ರೇಣಿ
ವಾರಕ್ಕೆ ಒಂದು ಗಂಟೆಯ ಉಪನ್ಯಾಸ ಅಥವಾ ಎರಡು ಗಂಟೆಗಳ ಪ್ರಯೋಗವನ್ನು ಒಂದು ಕ್ರೆಡಿಟ್ ಎಂದು ಪರಿಗಣಿಸಲಾಗುತ್ತದೆ. ಆಯೋಗದ ಹತ್ತು ಅಂಶಗಳ ಮಾಪಕದಲ್ಲಿ ಪ್ರತಿ ಪತ್ರಿಕೆಯ ಶ್ರೇಣಿ ಅಂಶವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಬಂದ ಮೊತ್ತವನ್ನು ಒಟ್ಟು ಕ್ರೆಡಿಟ್‌ನಿಂದ ಭಾಗಿಸಲಾಗುತ್ತದೆ. ಉದಾಹರಣೆಗೆ, 4 ಕ್ರೆಡಿಟ್‌ಗಳ ಲಿಖಿತ ಪತ್ರಿಕೆಯಲ್ಲಿ 6 ಅಂಶ, 2 ಕ್ರೆಡಿಟ್‌ಗಳ ಪ್ರಾಯೋಗಿಕದಲ್ಲಿ 9 ಅಂಶ ಪಡೆದರೆ, ಒಟ್ಟು 42ನ್ನು 6ರಿಂದ ಭಾಗಿಸಿದಾಗ ಸರಾಸರಿ 7 ಆಗುತ್ತದೆ. ಪ್ರಾಯೋಗಿಕದಲ್ಲಿನ ಉತ್ತಮ ಸಾಧನೆಯು ಫಲಿತಾಂಶವನ್ನು ಎತ್ತರಿಸಬಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ಫಲಿತಾಂಶದ ನಂತರ
ಅಂಕಗಳ ಬಗ್ಗೆ ಸಂಶಯವಿದ್ದಲ್ಲಿ, ವಿಶ್ವವಿದ್ಯಾಲಯವು ಪ್ರಕಟಿಸುವ ಅವಧಿಯೊಳಗೆ ನಿಗದಿತ ಶುಲ್ಕದೊಂದಿಗೆ ಮರುಎಣಿಕೆ ಅಥವಾ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ಪರೀಕ್ಷಾರ್ಥಿಯು ಮೌಲ್ಯಮಾಪನಗೊಂಡ ತನ್ನ ಉತ್ತರಪತ್ರಿಕೆಯನ್ನು ನೋಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪು ನೀಡಿದೆ. ಸ್ನಾತಕೋತ್ತರ ಪ್ರವೇಶಕ್ಕೆ ಪದವಿಯ ಅಂಕಗಳನ್ನು ಪರಿಗಣಿಸುವ ಸಂದರ್ಭಗಳಿರುವುದರಿಂದ, ಸಂಶಯವಿರುವ ವಿದ್ಯಾರ್ಥಿಗಳು ವಿಳಂಬ ಮಾಡದೆ ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳತಕ್ಕದ್ದು.