ಬದುವಿನ ಗಂಧ ಯಾರದು?

ಹಕ್ಕಿಯೊಂದು ಉದುರಿಸಿಹೋದ ಬೀಜದಿಂದ ತನ್ನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿ, ನೆರೆಗಿಡಗಳ ಬೇರಿನಿಂದ ಸತ್ತ್ವವನ್ನು ಹೀರಿ, ನಿಧಾನವಾಗಿ ಬೆಳೆದು ನಿಂತ ಶ್ರೀಗಂಧದ ಮರವು ತನ್ನದಲ್ಲ, ಪ್ರಭುತ್ವದ್ದು ಎಂಬ ಮಾತನ್ನು ಮೈಸೂರು ಸೀಮೆಯ ರೈತನು ಎರಡು ಶತಮಾನಗಳಿಗೂ ಮಿಕ್ಕ ಕಾಲ ಕೇಳಿಕೊಂಡು ಬಂದನು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಅನಂತರ ಬಂದ ಒಡೆಯರೂ, ಆಂಗ್ಲ ಕಮಿಷನರರೂ, ಪ್ರಜಾಸರ್ಕಾರದ 1963ರ ಅರಣ್ಯ ಅಧಿನಿಯಮವೂ ಆ ಘೋಷಣೆಯನ್ನು ಕದಲಿಸಲಿಲ್ಲ.

ಗಂಧದ ಮೇಲಣ ನಿರ್ಬಂಧಗಳೆಲ್ಲ ಒಂದೇ ಬಗೆಯವೆಂದು ತಿಳಿಯುವುದು ಸರಿಯಲ್ಲ. ಸರ್ಕಾರಿ ಅರಣ್ಯದ ಮರವನ್ನು ಬೇರುಸಹಿತ ಅಗೆದು (ಎಣ್ಣೆಯ ಸಂಪತ್ತು ಬೇರಿನಲ್ಲಿಯೇ ಅಧಿಕವಷ್ಟೆ), ಬಿಳಿಕಟ್ಟಿಗೆಯನ್ನು ಕೆತ್ತಿ, ಚೇಗನ್ನು ದರ್ಜೆವಾರು ವಿಂಗಡಿಸಿ, ಗಂಧದ ಕೋಠಿಯಲ್ಲಿ ಹರಾಜಿಗಿಡುವ ಪದ್ಧತಿ ಬಹುಕಾಲ ನಡೆಯಿತು. ಆ ಹರಾಜಿನ ಕೊರಡುಗಳು ಹಡಗೇರಿ ಜರ್ಮನಿಯನ್ನು ಸೇರಿ, ಅಲ್ಲಿ ಎಣ್ಣೆಯಾಗುತ್ತಿದ್ದುವು. ಮರ ನಮ್ಮದು, ಅದರ ಸಾರದಿಂದ ಬಂದ ಲಾಭ ಪರರದು. 1914ರಲ್ಲಿ ಮಹಾಯುದ್ಧವು ಆ ಹಾದಿಯನ್ನು ಮುಚ್ಚಿ, ಕೊಳ್ಳುವವರಿಲ್ಲದೆ ಕೊರಡು ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಜ್ಞರ ನೆರವಿನಿಂದ ತೈಲವನ್ನು ಇಲ್ಲಿಯೇ ಬಟ್ಟಿಯಿಳಿಸುವ ಉಪಾಯವನ್ನು ಕೈಗೊಂಡರು. 1916ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು, ಜಗತ್ತಿನ ಸ್ನಾನಗೃಹಗಳನ್ನು ಹೊಕ್ಕ ಸಾಬೂನು ಅದರ ಬೆನ್ನಿಗೇ ಬಂದಿತು. ಕೊರಡನ್ನು ಹೊರದೇಶಕ್ಕೆ ಕಳುಹಿಸಕೂಡದೆಂದೂ, ಎಣ್ಣೆ ಹಾಗೂ ಕುಶಲ ವಸ್ತುಗಳ ರೂಪದಲ್ಲಿ ಮಾತ್ರ ಹೋಗಬಹುದೆಂದೂ ಕೇಂದ್ರ ಸರ್ಕಾರವು ಮುಂದೆ ವಿಧಿಸಿದ ನಿಷೇಧದಲ್ಲಿ ನನಗೆ ಕಾಣುವುದು ಇದೇ ವಿವೇಕ. ಸಾಗರ, ಸೊರಬಗಳ ಗುಡಿಗಾರನ ಉಳಿಗೆ ಕೆಲಸವುಳಿಯಬೇಕಾದರೆ ಕೊರಡು ಮೊದಲು ನಾಡಿನಲ್ಲಿ ಉಳಿಯಬೇಕಷ್ಟೆ.

ಆದರೆ ಅರಣ್ಯದ ಮರಕ್ಕೆ ಸಲ್ಲುವ ನ್ಯಾಯವನ್ನು ಖಾಸಗಿ ಭೂಮಿಯ ಮೇಲೂ ಹೊರಿಸಿದುದು ಅನರ್ಥಕ್ಕೆ ಕಾರಣವಾಯಿತು. ಮರ ಸರ್ಕಾರದ್ದು, ಕಾಯುವ ಹೊಣೆ ರೈತನದು. ಕಳ್ಳರು ಕಡಿದೊಯ್ದರೆ ವಿಚಾರಣೆ ಅವನ ಅಂಗಳಕ್ಕೆ ಬರುವುದು. ಇಂಥ ಅತಿಥಿಯನ್ನು ಯಾರು ಸಾಕಿಯಾರು? ಸಸಿ ಕಂಡೊಡನೆ ಕಿತ್ತೆಸೆಯುವುದನ್ನು ರೈತನು ಕಲಿತನು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡುಬಂದ ಸ್ಪೈಕ್ ರೋಗವು ಅಡವಿಯಲ್ಲಿ ಮಾಡಿದ ಹಾನಿಯೂ, ಕಾಡುಗಳ್ಳರ ಕೊಡಲಿಯೂ ಇದರೊಡನೆ ಕೂಡಿ, 1998ರ ವೇಳೆಗೆ ಶ್ರೀಗಂಧವು ಅಪಾಯದಂಚಿನ ವೃಕ್ಷಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ರೋಗಕ್ಕೂ ಕಳ್ಳನಿಗೂ ದೋಷದ ಪಾಲುಂಟು, ನಿಜ. ಬೆಳೆಸಬಹುದಾಗಿದ್ದ ಕೈಗಳನ್ನೇ ವೈರಿಗಳನ್ನಾಗಿ ಮಾಡಿದ ಶಾಸನದ ಪಾಲನ್ನು ಮಾತ್ರ ಮರೆಯಲಾಗದು.

2001ರಲ್ಲಿ ಕರ್ನಾಟಕವು ಅಧಿನಿಯಮವನ್ನು ತಿದ್ದಿ, ನೆಲದೊಡೆಯನೇ ಮರದೊಡೆಯನೆಂದು ಒಪ್ಪಿತು. ಮರುವರ್ಷ ತಮಿಳುನಾಡೂ ಹಾಗೆಯೇ ಮಾಡಿತು. ಒಡೆತನ ಬಂದರೂ ಮಾರುವ ಸ್ವಾತಂತ್ರ್ಯ ಪೂರ್ಣವಾಗಿ ಬರಲಿಲ್ಲ: ಕಡಿಯಲು ಅನುಮತಿ, ಸಾಗಿಸಲು ರಹದಾರಿ, ಕೊಳ್ಳಲು ಇಲಾಖೆ ಅಥವಾ ಸರ್ಕಾರದ ಸಂಸ್ಥೆಗಳು ಎಂಬ ಕಟ್ಟುಗಳು ತಿದ್ದುಪಡಿಯ ಜೊತೆಗೇ ಬಂದುವು. ಅತ್ತ ಪಶ್ಚಿಮ ಆಸ್ಟ್ರೇಲಿಯದ ಕುನುನುರ್ರಾದ ನೀರಾವರಿ ಬಯಲಿನಲ್ಲಿ ಇದೇ ಭಾರತೀಯ ಶ್ರೀಗಂಧವು ಸಹಸ್ರಾರು ಎಕರೆಗಳಲ್ಲಿ ಬೆಳೆದು, ನಮ್ಮ ಎಣ್ಣೆಯೊಡನೆ ಜಗತ್ತಿನ ಪೇಟೆಯಲ್ಲಿ ಸ್ಪರ್ಧೆಗಿಳಿದಿದೆ.

ಚೇಗು ಕೂಡಿಕೊಳ್ಳಲು ದಶಕಗಳೇ ಬೇಕಾಗುವುದರಿಂದ, ಇಂದು ಸಸಿ ನೆಡುವ ರೈತನು ಮರ ಕಡಿಯುವ ದಿನದ ಕಾನೂನನ್ನು ನಂಬಿ ನೆಡಬೇಕಾಗಿದೆ. ಶಾಸನಕರ್ತರಲ್ಲಿ ನನ್ನ ವಿನಂತಿಯಿಷ್ಟೆ: ಅರಣ್ಯದ ಗಂಧಕ್ಕೂ ಕೊರಡಿನ ರಫ್ತಿಗೂ ಹಾಕಿರುವ ಬೀಗ ಹಾಗೆಯೇ ಇರಲಿ, ರೈತನು ಬೆಳೆದ ಮರಕ್ಕೆ ಮಾತ್ರ ಬಹಿರಂಗ ಹರಾಜಿನಲ್ಲಿ, ಅವನ ಕಣ್ಣೆದುರಿಗೆ ಬೆಲೆ ಕಟ್ಟಿ, ವಿಳಂಬವಿಲ್ಲದೆ ಹಣವನ್ನು ಕೊಡಿರಿ.