ನೀಲಿ ದ್ರವದ ಮರೆಯಲ್ಲಿ ಮುಟ್ಟು

ಸ್ಯಾನಿಟರಿ ಪ್ಯಾಡು ಎಷ್ಟು ಹೀರಿಕೊಳ್ಳುತ್ತದೆಂದು ತೋರಿಸಲು ಭಾರತದ ಟಿವಿ ಜಾಹೀರಾತುಗಳು ಬಹುಕಾಲ ನೀಲಿ ದ್ರವವನ್ನೇ ಬಳಸಿದವು. ರಕ್ತದ ಬಣ್ಣವನ್ನು ಮರೆಮಾಡಿದ ಈ ರೂಢಿಯು, ಬಟ್ಟೆಯ ಮೇಲೆ ಕಲೆ ಕಂಡೀತೆಂಬ ಅಂಜಿಕೆಯನ್ನು ಹೋಗಲಾಡಿಸುವ ಬದಲು ಅದನ್ನೇ ಮಾರಾಟದ ಬಂಡವಾಳವಾಗಿಸಿತು. 2014ರಲ್ಲಿ ಪ್ಯಾಡಿನ ಬ್ರಾಂಡ್ ವಿಸ್ಪರ್‌ನ ‘ಟಚ್ ದ ಪಿಕಲ್’ ಜಾಹೀರಾತು, ಮುಟ್ಟಾದವರು ಉಪ್ಪಿನಕಾಯಿ ಜಾಡಿಯನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ನೇರವಾಗಿ ಪ್ರಶ್ನಿಸಿ, ಮರುವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. 2017ರಲ್ಲಿ ಬ್ರಿಟನ್ನಿನ ಪ್ಯಾಡಿನ ಬ್ರಾಂಡ್ ಬಾಡಿಫಾರ್ಮ್ ತನ್ನ ಜಾಹೀರಾತಿನಲ್ಲಿ ಕೆಂಪು ದ್ರವವನ್ನೇ ತೋರಿಸಿತು.

ಆದರೆ ಕೋಲಾರ ಜಿಲ್ಲೆಯ ಬೇತಮಂಗಲದಂಥ ಹೋಬಳಿ ಕೇಂದ್ರಗಳ ಸರ್ಕಾರಿ ಶಾಲೆಗಳ ಮಟ್ಟಿಗೆ ಜಾಹೀರಾತಿಗಿಂತ ಸರ್ಕಾರಿ ಯೋಜನೆಯ ಪಾತ್ರ ಹಿರಿದು. ಹದಿಹರೆಯದ ವಿದ್ಯಾರ್ಥಿನಿಯರಿಗೆ ಉಚಿತವಾಗಿ ಪ್ಯಾಡು ನೀಡುವ ರಾಜ್ಯದ ‘ಶುಚಿ’ ಯೋಜನೆಯು 2013–14ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 2024ರಲ್ಲಿ ಮರಳಿ ಚಾಲನೆ ಪಡೆಯಿತು. ತೊಳೆದು ವರ್ಷಗಟ್ಟಲೆ ಬಳಸಬಹುದಾದ ಸಿಲಿಕೋನ್ ಬಟ್ಟಲನ್ನು, ಅಂದರೆ ಮುಟ್ಟಿನ ಕಪ್ಪನ್ನು, ‘ಮೈತ್ರಿ’ ಎಂಬ ಹೆಸರಿನಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ವಿತರಿಸಲಾಯಿತು.

2018ರಲ್ಲಿ ಪ್ಯಾಡುಗಳ ಮೇಲಿನ ಶೇ. 12ರ ಜಿಎಸ್‌ಟಿ ರದ್ದಾದದ್ದು, 2025ರಲ್ಲಿ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ಮುಂತಾದ ಬೆಳವಣಿಗೆಗಳಿಂದ ಮುಟ್ಟು ಪತ್ರಿಕೆಗಳ ಸುದ್ದಿಪುಟಕ್ಕೂ ಬಂದಿತು. ಬಳಸಿದ ಪ್ಯಾಡಿನ ಪ್ಲಾಸ್ಟಿಕ್ ಸುಲಭವಾಗಿ ಕೊಳೆಯದು, ಶಾಲೆಯ ಶೌಚಾಲಯಕ್ಕೆ ನೀರು ಬೇಕು, ತೀವ್ರವಾದ ನೋವಿಗೆ ವೈದ್ಯರ ಸಲಹೆ ಬೇಕು ಎಂಬ ಸಂಗತಿಗಳನ್ನು ಮಾರುವವರು ಹೇಳುವುದು ವಿರಳವಾದ್ದರಿಂದ, ಆ ಹೊಣೆ ಮಾಧ್ಯಮಗಳ ಮೇಲೆಯೇ ಬೀಳುತ್ತದೆ.